ಜಯವ್ವನ ಸಾಕ್ಷಿ

ಬ್ಯಾಡಗಿ ಮೆಣಸಿನಕಾಯಿ ಪ್ಯಾಟ್ಯಾಗ ತೊಟ್ಟು ಮುರಿಯೋ ಹೆಣಮಕ್ಕಳೊಳಗ ಜಯವ್ವಂದು ದೊಡ್ಡ ಬಾಯಿ. ಘಾಟಿಗೆ ಎಲ್ಲಾರೂ ಮೂಗಿಗೆ ಸೆರಗು ಕಟಗೊಂಡು ಸೀನಕೋಂತ ಕುಂತ್ರ, ಇಕಿ ಮಾತ್ರ ಯೇಸುಸ್ವಾಮಿ ಹಾಡು ಹಚ್ಚಾಕಿ. ಬಾಜೂಕ ಕುಂದ್ರೋ ರಹಿಮತಬಿ, "ಸಾಕು ಬಿಡವಾ, ನಿಮ್ಮ ಸ್ವಾಮಿಗೂ ಕಿವಿ ಅದಾವು" ಅಂತ ಕಾಡಸಾಕಿ. ಜಯವ್ವ ಬೇಕಂತ ಇನ್ನಷ್ಟು ಏರಿಸಿ ಹಾಡ್ತಿದ್ಲು.

ಅಂಥಾ ಹೆಣಮಗಳು ಹ್ವಾದ ವರ್ಷ ಮಾತ ಬಿಟ್ಲು. ಯಾಕ ಅಂತ ಕೇಳಿದ್ರ ಹೇಳಾಕ ಏನೂ ಇದ್ದಿಲ್ಲ. ಮನ್ಯಾಗ ಯಾರೂ ಸತ್ತಿದ್ದಿಲ್ಲ. ಗಂಡ ಚನ್ನೇಶ ಕುಡಿಯೋ ಮನಷಾ ಅಲ್ಲ, ಬಾಡಿಗಿ ಟಂಟಂ ಗಾಡಿ ಹೊಡಕೊಂಡು ತನ್ನ ಪಾಡಿಗೆ ತಾ ಇರಾಂವ. ಏನರೆ ಒಂದು ಕಾರಣ ಇದ್ದಿದ್ರ ಮಂದಿ ಅಯ್ಯೋ ಪಾಪ ಅಂತಿದ್ರು. ಕಾರಣ ಇಲ್ಲದ ದುಃಖಕ್ಕ ಯಾರು ಅಯ್ಯೋ ಅಂತಾರ? ಸೊಕ್ಕು ಅಂದ್ರು. ಮುಂಜಾನೆ ಏಳಾಕ ಆಗವಲ್ದು, ತಲಿ ಬಾಚಿಕೊಳ್ಳಾಕ ಆಗವಲ್ದು, ರೊಟ್ಟಿ ಬಡಿಯಾಕ ಕೈ ಏಳವಲ್ದು, ಇದು ಯಾವ ನಮೂನಿ ಸೊಕ್ಕೋ ದೇವರಿಗೇ ಗೊತ್ತು. ಎದಿ ಮ್ಯಾಲೆ ಒಳ್ಳಕಲ್ಲು ಇಟ್ಟಂಗ ಆಗೇತಿ ಅಂತ ಅಕಿ ಚನ್ನೇಶಗ ಹೇಳಿದ್ಲು. ಅಂವ ಪಿತ್ತ ಇರಬೇಕು ಅಂದ.

ಅಕಿ ಹೋಗೋ ಪ್ರಾರ್ಥನಾ ಮಂದಿರದ ಪಾಸ್ಟರ್ ಪ್ರೇಮಕುಮಾರ ತಲಿ ಮ್ಯಾಲೆ ಕೈ ಇಟ್ಟು ಪ್ರಾರ್ಥನಾ ಮಾಡಿದ್ರು. ಉಪವಾಸ ಮಾಡಿಸಿದ್ರು. ಅದಕ್ಕೂ ಜಗ್ಗದಿದ್ದಾಗ, "ಜಯವ್ವಾರ, ಒಳಗ ಏನೋ ಪಾಪ ಮುಚ್ಚಿಟ್ಟೀರಿ, ಒಪ್ಪಿಕೊಂಡು ಬಿಡ್ರಿ" ಅಂದ್ರು. ಪಾಪ, ಅಕಿ ಹುಡುಕಿ ಹುಡುಕಿ ಹೈರಾಣಾದ್ಲು. ಸಣ್ಣಾಕಿ ಇದ್ದಾಗ ಮಗ್ಗಲ ಮನಿ ಗಿಡದಾಗಿನ ಪ್ಯಾರಲಕಾಯಿ ಕದ್ದಿದ್ದೂ ಒಪ್ಪಿಕೊಂಡ್ಲು. ಕಲ್ಲು ಕೂದಲೆಳಿಯಷ್ಟೂ ಸರೀಲಿಲ್ಲ. ಅವತ್ತಿನಿಂದ ಸಭ್ಯಾಗ ಅಕಿ ಬಾಜೂಕ ಕುಂದ್ರೋ ಅಕ್ಕಗೋಳು ಚಾಪಿ ದೂರ ಸರಿಸಿಕೊಂಡ್ರು.

ಕಣ್ಣಿಟ್ಟು ನೋಡಿದಾಕಿ ರಹಿಮತಬಿ ಒಬ್ಬಾಕಿ. ಒಂದಿನ ಜಯವ್ವ ತೊಟ್ಟು ಮುರದು, ತೊಟ್ಟನ್ನ ಚೀಲಕ್ಕ ಹಾಕಾಕತ್ತಿದ್ಲು, ಹಣ್ಣಾದ ಕೆಂಪು ಕಾಯಿ ಕಸಕ್ಕ ಒಗ್ಯಾಕತ್ತಿದ್ಲು. ಮೇಸ್ತ್ರಿ ಬಾಯಿಗೆ ಬಂದಂಗ ಬೈದ. ಜಯವ್ವಗ ಬೈಗುಳಾನೂ ಕೇಳಿಸಿದಂಗ ಕಾಣಲಿಲ್ಲ. ರಹಿಮತಬಿ ಅಕಿ ಕೈ ಹಿಡದು ಎಬ್ಬಿಸಿ, ಮರುದಿನ ಕೆಲಸಾ ಬಿಟ್ಟು ಹಾವೇರಿ ದೊಡ್ಡ ದವಾಖಾನಿಗೆ ಕರಕೊಂಡು ಹೋದ್ಲು. ಅಲ್ಲಿ ಡಾಕ್ಟರಮ್ಮಾರು ಸಮಾಧಾನಲೆ ಎಲ್ಲಾ ಕೇಳಿ, "ಸಕ್ಕರಿ ಬ್ಯಾನಿ ಇದ್ದಂಗ ಇದೂ ಒಂದು ಬ್ಯಾನಿ. ಗುಳಿಗಿ ಕೊಡ್ತೇನಿ, ನನ್ನ ಕೇಳದ ಬಿಡಬ್ಯಾಡ್ರಿ" ಅಂದ್ರು. ಬ್ಯಾನಿ ಅನ್ನೋ ಮಾತು ಕೇಳಿ ಜಯವ್ವ ಗಳಗಳ ಅತ್ಲು. ಪಾಪ ಅಲ್ಲ ಅಂತ ಅಕಿಗೆ ಮೊದಲ ಹೇಳಿದವರು ಅವರ.

ಗುಳಿಗಿ ನುಂಗಿದ್ಲು, ಪ್ರಾರ್ಥನಾನೂ ಬಿಡಲಿಲ್ಲ. ದಿನಾ ಉರುಳಿದಂಗ ಕಲ್ಲು ಹಗುರಾತು. ಒಂದು ಆಯಿತವಾರ ಸಭ್ಯಾಗ ಅಕಿ ದನಿ ಮತ್ತ ಎದ್ದು ಬಂದಾಗ ಮಂದಿ ತಿರುಗಿ ತಿರುಗಿ ನೋಡಿದ್ರು. ಪಾಸ್ಟರ್ ಅಲ್ಲೇ ಸಾಕ್ಷಿ ಹೇಳಾಕ ಕರದ್ರು. ದೇವರು ತಮಗ ಮಾಡಿದ ಉಪಕಾರಾನ ನಾಕು ಮಂದಿ ಮುಂದ ನಿಂತು ಹೇಳೋದು ಅವರಲ್ಲಿ ಪದ್ಧತಿ. ಜಯವ್ವ ಎದ್ದು ಹೋಗೂ ಮುಂದ ಪಾಸ್ಟರ್ ಕಿವ್ಯಾಗ, "ದವಾಖಾನಿ ಸುದ್ದಿ ಉದ್ದ ಆಗತೇತಿ, ದೇವರ ಮಹಿಮಾ ಅಷ್ಟ ಹೇಳ್ರಿ" ಅಂದ್ರು. ಅಕಿ ಅಷ್ಟ ಹೇಳಿದ್ಲು. ಡಾಕ್ಟರ್ ಬಿಟ್ಟುಹೋದ್ರು, ಗುಳಿಗಿ ಬಿಟ್ಟುಹೋದ್ವು, ರಹಿಮತಬಿಯಂತೂ ಹೆಸರಿಗೂ ಬರಲಿಲ್ಲ. ಸಭಾ ಎಲ್ಲಾ ಸ್ತೋತ್ರ ಸ್ತೋತ್ರ ಅಂತು. ಪಾಸ್ಟರ್ ಹೆಂಡತಿ ಕರುಣಾ ಓಡಿ ಬಂದು ತೆಕ್ಕಿ ಬಿದ್ದು ಅತ್ಲು. ಅಷ್ಟು ದಿನಾ ಸಭ್ಯಾಗ ಯಾರೂ ಹತ್ರ ಸೇರಿಸದಿದ್ದ ಜಯವ್ವಗ ಅದು ಭಾಳ ಹಿತಾ ಅನಿಸ್ತು.

ಮನಿಗೆ ಬಂದು ಗುಳಿಗಿ ಕೈಯಾಗ ಹಿಡದಾಗ ಶುರುವಾತು ಪೀಕಲಾಟ. ದೇವರೊಬ್ಬನೇ ಗುಣಾ ಮಾಡ್ಯಾನ ಅಂತ ಅಷ್ಟು ಮಂದಿ ಮುಂದ ಹೇಳಿ ಬಂದು, ಇಲ್ಲೆ ಕದ್ದು ಗುಳಿಗಿ ನುಂಗಿದ್ರ ದೇವರ ಮುಂದ ಸುಳ್ಳಿ ಆಗಂಗಿಲ್ಲೇನು? ಬ್ಯಾರೆ ಯಾರರೆ ಆಗಿದ್ರ ಸುಮ್ನ ನುಂಗಿ ನೀರು ಕುಡೀತಿದ್ರು. ಇಕಿ ಪ್ಯಾರಲಕಾಯಿ ಕದ್ದಿದ್ದನ್ನೂ ಒಪ್ಪಿಕೊಂಡಾಕಿ. ಹೇಳಿದ ಸಾಕ್ಷಿ ಖರೇ ಆಗ್ಲಿ ಅಂತ ಗುಳಿಗಿ ಬಿಟ್ಲು. ಹುಚ್ಚಿ, ಪ್ರಾಮಾಣಿಕತನಾನೂ ಒಮ್ಮೊಮ್ಮೆ ಜೀವಾ ತಗೋತೈತಿ.

ಪಾಸ್ಟರರಿಗೆ ಈಗ ಕೈಗೆ ರತ್ನ ಸಿಕ್ಕಂಗಾಗಿತ್ತು. ಹಾವೇರಿ, ಮೇಡ್ಲೇರಿ, ಎಲ್ಲೆಲ್ಲಿ ಪ್ರಾರ್ಥನಾ ಕೂಟ ಇದ್ರೂ ಜಯವ್ವನ ಸಾಕ್ಷಿ. ಒಳಗ ಅಕಿ ದಿನಾ ದಿನಾ ಕುಸೀತಿದ್ರ, ಹೊರಗ ಕರುಣಾ ಅಕಿ ಸೀರಿ ನಿರಿಗಿ ಸರಿ ಮಾಡಿ, "ನಗುಮುಖಾ ಇರ್ಲಿ ಅಕ್ಕಾರ" ಅಂತ ಮೈಕಿನ ಮುಂದ ನಿಲ್ಲಸಾಕಿ. ಮೇಡ್ಲೇರಿ ಕೂಟ ಮುಗಿಸಿ ಹೊಳಿ ದಂಡ್ಯಾಗ ನಿಂತಾಗ, ಈ ನೀರಾಗ ಹೋದ್ರ ಇನ್ನ ಯಾರ ಮುಂದೂ ನಗೋದು ಬೇಕಾಗಂಗಿಲ್ಲ ಅಂತ ಅಕಿಗೆ ಅನಿಸ್ತು. ಹಂಗ ಅನಿಸಿದ್ದಕ್ಕ ತಾನ ಹೆದರಿ ಮರುದಿನ ರಹಿಮತಬಿಗೆ ಎಲ್ಲಾ ಹೇಳಿಬಿಟ್ಲು. ಸಾಕ್ಷ್ಯಾಗ ಅಕಿ ಹೆಸರು ನುಂಗಿದ್ದನ್ನೂ ಹೇಳಿದ್ಲು.

ರಹಿಮತಬಿ ಸಿಟ್ಟಿಗೆದ್ದು ಕೈಯಾಗಿನ ಮೆಣಸಿನಕಾಯಿ ನೆಲಕ್ಕ ಒಗದ್ಲು. "ನನ್ನ ಹೆಸರು ಹೇಳದಿದ್ರ ನಡೀತೈತಿ. ನೀ ಸತ್ರ ನಡಿಯಂಗಿಲ್ಲ. ಏಳ, ಬಸ್ಸಿಗೆ ಹೊತ್ತಾತು." ಹಾವೇರಿ ಡಾಕ್ಟರ್ ಕಡೆ ಬೈಸಿಕೊಂಡು ಗುಳಿಗಿ ಮತ್ತ ಚಾಲೂ ಆದ್ವು.

ಆಮ್ಯಾಲೆ ರಾಣೆಬೆನ್ನೂರಾಗ ಪೆಂಡಾಲ ಹಾಕಿ ದೊಡ್ಡ ಕೂಟ ಮಾಡಿದ್ರು. ಜಯವ್ವ ಒಲ್ಲೆ ಅಂದಿದ್ರ ಮುಗೀತಿತ್ತು. ಆದ್ರ ಹೇಳಿದ್ದನ್ನ ಹೇಳಿದ ಬಾಯಿಲೆ ತಿದ್ದಬೇಕು ಅಂತ ಹಠಾ ಹಿಡದು ಹೋದ್ಲು. ಮೈಕ್ ಹಿಡದು ಶುರು ಮಾಡಿದ್ಲು.

"ನಾ ಇಷ್ಟು ದಿನಾ ಅರ್ಧಾ ಅಷ್ಟ ಹೇಳೇನಿ. ದೇವರು ನನ್ನ ಉಳಿಸ್ಯಾನ, ಅದು ಖರೇ. ರಹಿಮತಬಿ ಕೈಲೆ ಉಳಿಸ್ಯಾನ, ಡಾಕ್ಟರ್ ಕೈಲೆ ಉಳಿಸ್ಯಾನ. ಗುಳಿಗಿ ಬಿಟ್ಟು ಮತ್ತ ಬಿದ್ದೆ, ಈಗ ಮತ್ತ ನುಂಗಾಕತ್ತೇನಿ. ನಮ್ಮ ಸ್ವಾಮಿನೂ ಶಿಲುಬಿಗೆ ಏರೋ ಹಿಂದಿನ ರಾತ್ರಿ ತೋಟದಾಗ ಜೀವಾ ಹೋಗುವಷ್ಟು ಸಂಕಟಪಟ್ಟಾನ್ರಿ. ಬಾಜೂಕ ಶಿಷ್ಯರು ನಿದ್ದಿ ಹೊಡಿಯಾಕತ್ತಿದ್ರು. ಯಾರಿಗರೆ ನನ್ನಂಗ ಆಗಿದ್ರ..."

ಮೈಕ್ ಬಂದ್ ಆತು. ಕೀಬೋರ್ಡ್ ಬಾರಿಸೋದು ಜೋರಾತು. ಪಾಸ್ಟರ್ ಬ್ಯಾರೆ ಮೈಕ್ ತಗೊಂಡು, "ಅಕ್ಕಾರಿಗೆ ಪಾಪದಿಂದ ಇನ್ನೂ ಬಿಡುಗಡಿ ಸಿಕ್ಕಿಲ್ಲ. ಎಲ್ಲಾರೂ ಅವರ ಕಡೆ ಕೈ ಚಾಚಿ ಪ್ರಾರ್ಥನಾ ಮಾಡ್ರಿ" ಅಂದ್ರು. ಪೆಂಡಾಲ ತುಂಬ ಕೈ ಚಾಚಿದ್ವು, ಒಂದೂ ಅಕಿನ್ನ ಮುಟ್ಟಲಿಲ್ಲ. ಜಯವ್ವ ತಾನ ಇಳಿದು ಹಿಂದ ನೀರಿನ ಟ್ಯಾಂಕರ್ ಕಡೆ ಹೋಗಿ ಮುಖಾ ತೊಳಕೊಂಡ್ಲು. ಇನ್ನ ಆ ಮಂದಿರದಾಗ ತನಗ ಜಾಗಾ ಇಲ್ಲ ಅಂತ ಅಕಿಗೆ ತಿಳೀತು.

ಹಿಂದಿಂದ ಕರುಣಾ ಬಂದ್ಲು. ಬೈಯಾಕ ಬಂದಾಳ ಅಂತ ಜಯವ್ವ ಸೆರಗು ಬಿಗಿದು ನಿಂತ್ಲು.

"ಅಕ್ಕಾರ, ನನಗೂ ಈ ಬ್ಯಾನಿ ಐತಿ. ಕದ್ದು ಗುಳಿಗಿ ತಗೋತಿದ್ದೆ, ನಮ್ಮ ಮನಿಯವರಿಗೆ ಗೊತ್ತಿಲ್ಲ. ನಿಮ್ಮ ಸಾಕ್ಷಿ ಕೇಳಿದ ದಿನಾ ಎಲ್ಲಾ ಗಟಾರಕ್ಕ ಒಗದೆ."

ಜಯವ್ವಗ ಕಪಾಳಕ್ಕ ಹೊಡದಂಗಾತು. ತೆಕ್ಕಿ ಬಿದ್ದು ಅತ್ತಿದ್ದು ಯಾಕ ಅಂತ ಈಗ ತಿಳೀತು. ತಪ್ಪಾತು ಅನ್ನೋದರೊಳಗ ಸ್ಟೇಜ್ ಮ್ಯಾಲಿಂದ ಪಾಸ್ಟರ್ ಹೆಂಡತಿನ್ನ ಹಾಡಾಕ ಕರದ್ರು. ಕರುಣಾ ಕಣ್ಣು ಒರಸಿಕೊಂಡು, ನಗುಮುಖಾ ಮಾಡಿ ಹೊಂಟ್ಲು.

"ಮಂಗಳವಾರ ಹಾವೇರಿಗೆ ಹೊಂಟೇವಿ," ಜಯವ್ವ ಹಿಂದಿಂದ ಒದರಿದ್ಲು. "ಬ್ಯಾಡಗಿ ಬಸ್ ಸ್ಟ್ಯಾಂಡಿಗೆ ಬರ್ರಿ."

ಮಂಗಳವಾರ ಬಸ್ಸಿನಾಗ ಕುಂತು, ಕರುಣಾ ಬರಂಗಿಲ್ಲ ಅಂತ ರಹಿಮತಬಿ ಖಾತ್ರಿಲೆ ಹೇಳಿದ್ಲು. ಬಸ್ ಹೊರಡೂ ಮುಂದ ಕರುಣಾ ಓಡಿ ಬಂದು ಹತ್ತಿದ್ಲು. ಇಬ್ಬರೂ ಸರದು ನಡುಕ ಜಾಗಾ ಮಾಡಿದ್ರು. ಊರು ದಾಟೋತನಕ ಅಕಿ ತಲಿ ಎತ್ತಲಿಲ್ಲ. ಆಮ್ಯಾಲೆ ಸಣ್ಣ ದನಿಲೆ ಕೇಳಿದ್ಲು, "ನನಗ ವಿಶ್ವಾಸ ಕಡಿಮಿ ಐತೇನ್ರಿ ಅಕ್ಕಾರ?"

"ವಿಶ್ವಾಸ ಇಲ್ಲದಾಕಿ ಮುಂಜಾನೆ ಎದ್ದು ಈ ಬಸ್ಸಿಗೆ ಬರತಿದ್ದಿಲ್ರಿ," ಅಂದ್ಲು ಜಯವ್ವ.

ಕರುಣಾ ಬಾಯಿಗೆ ಸೆರಗು ಒತ್ತಿಗೊಂಡು ಹಾವೇರಿ ಬರೋತನಕ ಅತ್ಲು. ಅಳಬ್ಯಾಡ ಅಂತ ಇಬ್ಬರೊಳಗ ಯಾರೂ ಅನ್ನಲಿಲ್ಲ.