ಸಾರಾಳ ಕಾಲು, ನಮ್ಮ ಬೋರಿಂಗಿನ ನೀರು

ಕರ್ತನಲ್ಲಿ ಪ್ರಿಯರೇ, ನನ್ನ ಅಣ್ಣನ ಮಗಳು ಸಾರಾಳ ಕಾಲುಗಳು ಸೊಟ್ಟಗಾಗುತ್ತಿದ್ದವು. ಅಣ್ಣ ಇರುವುದು ದೇವದುರ್ಗ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ. ನಾನು ಮಾನ್ವಿಯಲ್ಲಿ ವಿಜ್ಞಾನದ ಟೀಚರ್. ನಮ್ಮ ಕೇರಿಯ ಮೊದಲ ಡಿಗ್ರಿ ನನ್ನದು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಕಳೆದ ವರ್ಷ ಲೆಂಟ್ ಉಪವಾಸದ ದಿನಗಳಲ್ಲಿ ಮಗುವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ರಾಯಚೂರಿನ ಆಸ್ಪತ್ರೆಗೆ ಹೋದೆ. ಡಾಕ್ಟರು ಅವಳ ಹಲ್ಲಿನ ಕಂದು ಕಲೆ ನೋಡಿ, ಯಾವ ನೀರು ಕುಡಿಸುತ್ತೀರಿ ಎಂದರು. ಫ್ಲೋರೈಡ್ ಇರಬೇಕು, ಈಗಲೇ ನೀರು ಬದಲಿಸಿ, ಹಾಲು ಮೊಟ್ಟೆ ಕೊಟ್ಟರೆ ಕಾಲು ನೆಟ್ಟಗಾದೀತು, ತಡಮಾಡಬೇಡಿ ಎಂದರು. ನೀರನ್ನು ಬಾಟಲಿಯಲ್ಲಿ ಒಯ್ದು ಪರೀಕ್ಷೆ ಮಾಡಿಸಿದೆ. ಅದೇ ಬಂತು.

ನಮ್ಮ ಕೇರಿ ಕುಡಿಯುವುದು ಪ್ರಾರ್ಥನಾಲಯದ ಅಂಗಳದ ಬೋರಿಂಗ್, ಅಂದರೆ ಕೈಪಂಪಿನ ನೀರು. ಊರ ಬಾವಿಗೆ ನಮ್ಮವರನ್ನು ಬಿಡದ ಕಾಲದಲ್ಲಿ ಸಭೆಯ ಹಿರಿಯರಾದ ಯೋಹಾನಪ್ಪ ಕಾಕಾ ಓಡಾಡಿ ಕೊರೆಸಿದ್ದು. ಕಾಯಿಲೆಯವರಿಗೆ ಅದನ್ನೇ ಆಶೀರ್ವಾದದ ನೀರೆಂದು ಕುಡಿಸುತ್ತಾರೆ. ಈಗ ಮೇಲಿನ ಓಣಿಯ ನಲ್ಲಿಗೆ ನದಿ ನೀರು ಬರುತ್ತದೆ. ಆದರೆ ಅಂದು ಬಾವಿಗೆ ಬಿಡದವರ ಬಾಗಿಲಿಗೆ ಕೊಡ ಹಿಡಿದು ಹೋಗಲಾರೆವೆಂಬ ಹಟ ನಮ್ಮವರದು.

ಸಭೆಯಲ್ಲಿ ಎದ್ದು ನಿಂತು ನೀರಿನ ಪರೀಕ್ಷೆಯಲ್ಲಿ ಬಂದದ್ದನ್ನು ಹೇಳಿದೆ. ಕ್ರಿಸ್‌ಮಸ್ ಬಂದರೆ ಅಕ್ಕಿ, ಕಂಬಳಿ ಹಂಚುತ್ತೀರಿ. ನಲವತ್ತು ವಯಸ್ಸಿಗೇ ಮೊಣಕಾಲು ಬಿಗಿದು ನಮ್ಮ ಹೆಂಗಸರು ಕಳೆ ತೆಗೆಯಲು ಕೂರಲಾರರು, ಕೂಲಿ ತಪ್ಪಿತು, ಯಾಕೆಂದು ಒಬ್ಬರಾದರೂ ಕೇಳಿದಿರಾ?

"ಏನವ್ವಾ, ನಾಕು ಅಕ್ಷರ ಕಲ್ತು ಬಂದು ನಮ್ಮ ನೀರಿಗೇ ವಿಷ ಅಂತಿ?" ಎಂದರು ಕಾಕಾ. "ನೀ ಕುಡಿದು ಬೆಳೆದದ್ದೂ ಇದೇ ನೀರು."

ಮಗುವಿಗಾಗಿ ಉಪವಾಸ ಪ್ರಾರ್ಥನೆ ಇಡೋಣವೆಂದು ತೀರ್ಮಾನಿಸಿ ಎದ್ದರು. ನಾವು ಇಲ್ಲೇ ಬಾಳಬೇಕು, ಸುಮ್ಮನಿರು ಎಂದು ಅಣ್ಣನೂ ಗದರಿದ. ಮಾನ್ವಿ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ. ದೇವರೇ, ನನ್ನ ಮಾತು ಇವರಿಗೆ ಬೇಡ, ನೀನೇ ಹೇಳು ಎಂದು ಜಗಳವಾಡಿದ ಹಾಗೆ ಪ್ರಾರ್ಥಿಸಿದೆ.

ಮುಂದಿನ ಭಾನುವಾರ ಮತ್ತೆ ಊರಿಗೆ ಹೋದೆ. ಆರಾಧನೆ ಮುಗಿದ ಮೇಲೆ ಸಾರಾ ಮೆಟ್ಟಿಲಿಳಿಯುವಾಗ ಬಿದ್ದಳು. ಹತ್ತಿರವಿದ್ದ ಕಾಕಾ ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡರು. ಅವರ ಕೈ ಸೊಟ್ಟ ಎಲುಬನ್ನು ಸವರುತ್ತ ಅವಳ ಮೊಣಕಾಲಿನಿಂದ ಕೆಳಗಿಳಿಯಿತು, ಮತ್ತೆ ಮೇಲೇರಿತು.

"ಉಳಿದ ಹುಡುಗರಿಗೂ ಹಿಂಗ ಆಗತದೇನು?" ಎಂದರು. ಆಗಬಹುದು ಕಾಕಾ ಎಂದೆ.

ಕಾಕಾ ಮಗುವನ್ನು ಕೆಳಗಿಳಿಸಿದರು. ಆಮೇಲೆ ನಟ್ಟು ಬಿಚ್ಚುವ ಪಾನಾ ತರಿಸಿ ಬೋರಿಂಗಿನ ಹಿಡಿಕೆಯನ್ನು ತಾವೇ ಬಿಚ್ಚಿದರು. ಮನೆಯಿಂದ ಕೊಡ ತಂದು ಮೇಲಿನ ಓಣಿಗೆ ನಡೆದರು. ನಾವು ಹಿಂದೆ ಹೋದೆವು. ನಲ್ಲಿಯ ಹತ್ತಿರ ಒಬ್ಬಾಕೆ, "ಏನೋ ಯೋಹಾನಪ್ಪ, ನಿಮ್ಮ ಬೋರಿಂಗ್ ಬತ್ತಿತೇನು?" ಎಂದು ನಕ್ಕಳು.

"ಬತ್ತಿಲ್ಲವ್ವಾ. ನಮ್ಮ ಕೂಸು ನಡೀಬೇಕು. ಪಾಳಿ ಯಾವ ಕಡಿಂದ ಅದ?"

ನಲ್ಲಿಯ ಹತ್ತಿರ ನಿಂತವರು ಗೊಣಗಿದರು. ಆದರೆ ಸರಿದು ಜಾಗ ಬಿಟ್ಟರು.

ಪಂಚಾಯ್ತಿ ನಮ್ಮ ಕೇರಿಗೆ ಇನ್ನೂ ಪೈಪು ಹಾಕಿಲ್ಲ. ಹೋಗಿ ಕೂಗಾಡಿ ಬರುತ್ತಿದ್ದೇನೆ. ಕಂಬಳಿ ಹಂಚಿದರೆ ಸಾಕೇ ಎಂಬ ಸಭೆಯೊಡನೆಯ ಜಗಳವೂ ಮುಗಿದಿಲ್ಲ. ಸಾರಾಳ ಹಲ್ಲಿನ ಕಲೆ ಹೋಗುವುದಿಲ್ಲ, ಆದರೆ ಕಾಲು ನೆಟ್ಟಗಾಗುತ್ತಿದೆ ಎಂದು ಡಾಕ್ಟರು ಹೇಳಿದ್ದಾರೆ. ಸಿಟ್ಟಿನಲ್ಲಿ ಕೂಗಿದ್ದನ್ನೂ ಪ್ರಾರ್ಥನೆಯೆಂದೇ ಕೇಳಿಸಿಕೊಂಡ ದೇವರಿಗೆ ಸ್ತೋತ್ರ. ಸಭೆಗಳವರೇ, ಮಕ್ಕಳಿಗಾಗಿ ಮೊಣಕಾಲೂರಿರಿ, ಎದ್ದ ಮೇಲೆ ಅವರು ಕುಡಿಯುವ ನೀರನ್ನೂ ಪರೀಕ್ಷೆಗೆ ಕಳಿಸಿರಿ.