ಪೆಟ್ಟಿಗೆ ಕಂಠಪ್ಪ ಪಟ ನೋಡಲು ಹೋದದ್ದು

ಹನಗೋಡಿನಲ್ಲಿ ಕಂಠಪ್ಪ ಎಂದರೆ ಯಾವ ಕಂಠಪ್ಪ ಎಂದು ಕೇಳುತ್ತಿದ್ದರು. ಪೆಟ್ಟಿಗೆ ಕಂಠಪ್ಪ ಎಂದರೆ ಮಾತ್ರ ಮರುಪ್ರಶ್ನೆ ಇರಲಿಲ್ಲ. ಕೀ ಕೊಟ್ಟರೆ ಹಾಡುವ ಗ್ರಾಮಫೋನು ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ಹುಣಸೂರು ಪಿರಿಯಾಪಟ್ಟಣದ ಸುತ್ತ ಯಾರ ಮನೆಯಲ್ಲಿ ಮದುವೆಯಾದರೂ ಹೋಗಿ ಪ್ಲೇಟು ಹಾಕುವುದು ಅವನ ಕಸುಬು. ಹೊಲವೂ ಇತ್ತು, ಹೊಲದ ಮೇಲೆ ಮನಸ್ಸು ಅಷ್ಟಕ್ಕಷ್ಟೆ. ಪ್ಲೇಟಿಗೆ ಗೀರು ಬಿದ್ದೀತೆಂದು ಮದುಮಗನನ್ನೂ ಪೆಟ್ಟಿಗೆಯ ಹತ್ತಿರ ಸೇರಿಸುತ್ತಿರಲಿಲ್ಲ. ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಊರವರು ಅವನ ಪೆಟ್ಟಿಗೆಯನ್ನು ಮೆಚ್ಚುತ್ತಿದ್ದರು, ಅವನನ್ನು ಸಹಿಸಿಕೊಳ್ಳುತ್ತಿದ್ದರು.

ಅವನ ಹೆಂಡತಿ ಪುಟ್ಟಮಲ್ಲಮ್ಮ ಬೇರೆಯವಳಲ್ಲ, ಹಾರನಹಳ್ಳಿಯಲ್ಲಿದ್ದ ಸೋದರತ್ತೆ ವೀರಮ್ಮನ ಮಗಳು. ಒಂಬತ್ತು ವರ್ಷ ಸಂಸಾರ ಮಾಡಿದಳು. ಮಕ್ಕಳಾಗಲಿಲ್ಲ. ನಲವತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ವಿಷಮಶೀತ ಜ್ವರ ಬಂದು ಹದಿನೇಳು ದಿನಕ್ಕೆ ಹೋಗಿಬಿಟ್ಟಳು. ಹೊಲದ ಅಂಚಿನಲ್ಲಿ ಮಣ್ಣು ಮಾಡಿ ಬಂದ ಕಂಠಪ್ಪ ಮತ್ತೊಂದು ಮದುವೆಯ ಮಾತೆತ್ತಿದವರನ್ನೆಲ್ಲ ಬೈದು ಕಳಿಸಿದ. ಅದಾಗಿ ಏಳು ವರ್ಷ ಕಳೆದಿತ್ತು. ಒಂದು ಬೆಳಗ್ಗೆ ಜಗಲಿಯ ಮೇಲೆ ಕೂತು, ಅವಳಿಗೆ ಪ್ರಾಣವಾಗಿದ್ದ ಒಂದು ತತ್ವಪದದ ಪ್ಲೇಟು ಹಾಕಿದ. ಹಾಡಿನ ಜೊತೆಗೆ ಎಲ್ಲ ನೆನಪಿಗೆ ಬಂತು. ಹಸಿರು ಗಾಜಿನ ಬಳೆ ಬಂತು, ಮೊರದಲ್ಲಿ ಅವರೆಕಾಳು ಕೇರುವ ಸದ್ದು ಬಂತು, ಸೆರಗಿನ ರಾಗಿಹಿಟ್ಟಿನ ವಾಸನೆ ಕೂಡ ಬಂತು. ಮುಖ ಮಾತ್ರ ಬರಲಿಲ್ಲ. ಪ್ಲೇಟನ್ನು ಮತ್ತೆ ಹಾಕಿದ. ಕಣ್ಣು ಮುಚ್ಚಿ ಕೂತ. ಹೆಂಡತಿಯ ಮುಖ ಅವನಿಗೆ ಮರೆತುಹೋಗಿತ್ತು.

ಬೇರೆ ಮನೆಯಾಗಿದ್ದರೆ ಗೋಡೆಯ ಫೋಟೋ ನೋಡಿ ಸಮಾಧಾನ ಮಾಡಿಕೊಳ್ಳಬಹುದಿತ್ತು. ಇವನ ಮನೆಯಲ್ಲಿ ಫೋಟೋ ಇರಲಿಲ್ಲ. ಫೋಟೋ ತೆಗೆಸಿಕೊಂಡರೆ, ಯಾರಾದರೂ ಮುಖ ನೋಡಿ ಬರೆದುಕೊಂಡರೆ, ಆಯುಸ್ಸು ಕಮ್ಮಿಯಾಗುತ್ತದೆ ಎನ್ನುವುದು ಆಗ ಊರೂರಿನ ನಂಬಿಕೆ. ಕಂಠಪ್ಪನ ಅಜ್ಜಿ ಹಾಗೆ ಸತ್ತವರ ಹೆಸರುಗಳನ್ನು ಬೆರಳು ಮಡಿಸಿ ಹೇಳುತ್ತಿದ್ದಳು. ಹುಣಸೂರಿನಲ್ಲಿ ಫೋಟೋ ಅಂಗಡಿ ಬಂದಾಗ ಮಲ್ಲಮ್ಮ ಒಂದೇ ಒಂದು ಸಲ ಆಸೆಪಟ್ಟಿದ್ದಳು. ‘ಬದುಕೋಕೆ ಬ್ಯಾಸರವಾ ನಿಂಗೆ?’ ಎಂದು ರೇಗಿದ್ದ. ಅಲ್ಲಿಗೆ ಮುಗಿದಿತ್ತು.

ಮಾರನೇ ದಿನವೇ ಹಾರನಹಳ್ಳಿಗೆ ಹೋದ. ಮರೆತೆ ಎಂದು ಹೇಳಲು ನಾಚಿಕೆ. ಸುತ್ತಿ ಬಳಸಿ, ‘ಮಲ್ಲಿ ಯಾರಂಗಿದ್ಲು ಅತ್ತೆ, ನಿನ್ನಂಗಾ, ಮಾವನಂಗಾ?’ ಎಂದು ಕೇಳಿದ. ವೀರಮ್ಮ, ‘ಬೆಳ್ಳಗೆ ದುಂಡಗಿದ್ಲಲ್ಲಪ್ಪ’ ಎಂದಳು. ಬೆಳ್ಳಗೆ ದುಂಡಗಿನ ಹೆಣ್ಣು ಊರಿಗೆ ಇಪ್ಪತ್ತು ಸಿಗುತ್ತಾರೆ. ಕೊನೆಗೆ ಮುದುಕಿಯೇ ನಿಜ ಹೇಳಿದಳು.

‘ನಂಗೂ ಸರ್ಯಾಗಿ ಕಾಣಾಕಿಲ್ಲ ಕಣೋ ಕಂಠಪ್ಪ. ಕಣ್ಣೂ ಮಂಜು, ನೆಪ್ಪೂ ಮಂಜು. ಎತ್ತ ತಾಯಿಗೇ ಇಂಗಾದ್ರೆ ಇನ್ನೇನು?’

ಆಗ ಅವನಿಗೆ ನೆನಪಾದದ್ದು ಆ ಪಟ ಬರೆಯುವ ಮೇಷ್ಟ್ರು.

ನಲವತ್ತೈದರಲ್ಲಿ ಮೈಸೂರಿನ ಕಡೆಯ ಒಬ್ಬರು ಹೊಳೆ ಕಟ್ಟೆಯ ಚಿತ್ರ ಬರೆಯಲು ಹನಗೋಡಿಗೆ ಬಂದು ಹತ್ತು ದಿನ ಇದ್ದರು. ಊರು ತಿರುಗುವಾಗ ಕಂಠಪ್ಪನ ಪೆಟ್ಟಿಗೆ ಅವರ ಕಣ್ಣಿಗೆ ಬಿತ್ತು. ‘ಮನೆಯವರು ಕೂತು ಹಾಡು ಕೇಳುತ್ತಿರಲಿ, ನಾನು ಬರೆಯುತ್ತೇನೆ’ ಎಂದರು. ಪೆಟ್ಟಿಗೆ ಪಟವಾಗುತ್ತದೆ ಎಂದರೆ ಕಂಠಪ್ಪನಿಗೆ ಹಿಗ್ಗು. ಹೆಂಡತಿ ಪಟವಾಗುತ್ತಾಳೆ ಎಂದರೆ ಹೆದರಿಕೆ. ಕೊನೆಗೆ ಒಂದು ದಾರಿ ಹುಡುಕಿದ. ಮೇಷ್ಟ್ರ ಕಡೆಗೆ ಬೆನ್ನು ಹಾಕಿ ಕೂರುವಂತೆ ಮಲ್ಲಮ್ಮನಿಗೆ ಕಟ್ಟಪ್ಪಣೆ ಮಾಡಿ, ಅವಳು ತಿರುಗದಂತೆ ಕಾಯಲು ಬಾಗಿಲಲ್ಲೇ ನಿಂತ. ಎರಡು ದಿನ ನಿಂತ. ಎರಡನೇ ದಿನ ಅವಳು ಮೆಲ್ಲಗೆ, ‘ಒಂದ್ ಗಳಿಗೆ ತಿರುಗ್ಲಾ?’ ಎಂದಳು. ‘ತಿರುಗಿದ್ರೆ ನೋಡು ಮತ್ತೆ’ ಎಂದ. ಅವಳು ತಿರುಗಲಿಲ್ಲ. ಬರೆದ ಪಟವನ್ನು ಕಂಠಪ್ಪ ಕಣ್ಣೆತ್ತಿಯೂ ನೋಡಲಿಲ್ಲ. ಹೊರಡುವ ದಿನ ಮೇಷ್ಟ್ರು, ‘ನಿಮ್ಮ ಮನೆಯವರದು ಒಳ್ಳೆಯ ಲಕ್ಷಣದ ಮುಖ’ ಎಂದಾಗ, ಇವರು ಯಾವಾಗ ನೋಡಿದರು ಎಂದು ಉರಿದು, ಕೈ ಕೂಡ ಮುಗಿಯದೆ ಒಳಗೆ ಹೋಗಿದ್ದ.

ಹನ್ನೊಂದು ವರ್ಷದ ಮೇಲೆ ಆ ಮಾತೇ ಅವನಿಗೆ ಆಸರೆಯಾಯಿತು. ಹತ್ತು ದಿನ ಊರಲ್ಲಿದ್ದವರು ನೀರಿಗೆ ಹೋಗಿ ಬರುವವಳನ್ನು ನೋಡಿಯೇ ಇರಬೇಕು. ಬೆನ್ನು ಹಾಕಿ ಕೂತರೇನು, ಬರೆಯುವವರ ಕೈ ಸುಮ್ಮನಿರುತ್ತದೆಯೇ? ಮುಖವನ್ನೂ ಎಲ್ಲೋ ಬರೆದಿರುತ್ತಾರೆ. ಇದನ್ನು ಅತ್ತೆಗೆ ಹೇಳಿದ. ಅವಳು ಅವನ ಕೈ ಹಿಡಿದುಕೊಂಡಳು.

‘ಓಗ್ಬುಟ್ಟು ನೋಡ್ಕಂಡ್ ಬಾ. ಸಿಕ್ರೆ ಮನೆಗ್ ಓಗಬ್ಯಾಡ, ಸೀದಾ ಇಲ್ಲಿಗೇ ಬಾ. ಮಗೀನ ಮುಖ ಯಂಗದೆ ಅಂತ ಏಳು. ಅದೊಂದ್ ಕೇಳ್ಕಂಡು ಕಣ್ ಮುಚ್ತೀನಿ.’

ಶುಕ್ರವಾರ ಕೋಳಿ ಕೂಗಿದ ಮೇಲೆ ಸೈಕಲ್ಲು ಹತ್ತಿದ. ಹಿಂದೆ ಪೆಟ್ಟಿಗೆ, ಮುಂದೆ ಚೀಲದಲ್ಲಿ ಬುತ್ತಿ. ಪಟ ನೋಡಲು ಹೋಗುವವನಿಗೆ ಪೆಟ್ಟಿಗೆ ಯಾಕೆ ಎಂದು ದಾರಿಯಲ್ಲಿ ಕೇಳಿದವರನ್ನು ಬೆಲ್ಲು ಬಾರಿಸಿ ದಾಟಿಕೊಂಡು ಹೋದ. ಹಾಡು ಕೇಳುತ್ತ ಹೋದರೆ, ಪಟ ಸಿಗುವುದರೊಳಗೆ ಮುಖ ತಾನಾಗಿಯೇ ನೆನಪಾದೀತು ಎಂಬುದು ಅವನ ಲೆಕ್ಕ. ತುಳಿಯುವಾಗ ಹಾಡಿಸಲಾಗುವುದಿಲ್ಲ. ಹಾಗಾಗಿ ಹುಣಸೂರು ದಾಟಿ ಒಂದು ಕಡೆ, ಬಿಳಿಕೆರೆಯ ಆಲದ ಮರದಡಿ ಒಂದು ಕಡೆ, ಇಲವಾಲದ ಕಟ್ಟೆಯ ಮೇಲೆ ಒಂದು ಕಡೆ ಇಳಿದು, ಕೀ ಕೊಟ್ಟು, ಮುಳ್ಳಿಟ್ಟು, ಒಬ್ಬನೇ ಕೂತು ಕೇಳಿದ. ಹತ್ತಿರ ಬಂದ ದನ ಕಾಯುವವರನ್ನು ಎಂದಿನಂತೆ ಬೈಯಲಿಲ್ಲ. ಪ್ಲೇಟು ಸವೆದು ಗಾಯಕಿಯ ಗಂಟಲು ಕಟ್ಟಿದಂತಿತ್ತು. ಮುಖ ನೆನಪಾಗಲಿಲ್ಲ.

ಬರೆದ ಪಟವೆಲ್ಲ ಅರಮನೆ ಸೇರುತ್ತದೆ ಎಂದು ಅವನ ಎಣಿಕೆ. ಮೈಸೂರಿನಲ್ಲಿ ಪಟಗಳ ಅರಮನೆ ಯಾವುದು ಎಂದು ಕೇಳಿದರೆ ಎಲ್ಲರೂ ಜಗನ್ಮೋಹನ ಅರಮನೆಯನ್ನೇ ತೋರಿಸಿದರು. ಯಾರೂ ಹೇಳದಿದ್ದರೂ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟ. ಮೊದಲ ಪಟಕ್ಕೆ ಕೈ ಮುಗಿದ, ಅದು ಯಾರೋ ದೊರೆಯ ಕುದುರೆಯ ಪಟ. ಒಳಗೆ ಹೋದಂತೆ ಗೋಡೆಯ ತುಂಬ ಹೆಂಗಸರು. ಒಬ್ಬಳು ಹೂ ಮುಡಿಯುತ್ತಿದ್ದಳು, ಒಬ್ಬಳು ಕಿಟಕಿಯಲ್ಲಿ ನಿಂತಿದ್ದಳು, ಒಬ್ಬಳು ಸುಮ್ಮನೆ ಇವನನ್ನೇ ನೋಡುತ್ತಿದ್ದಳು. ಇವಳಿರಬಹುದೇ ಎಂದುಕೊಂಡ. ನಾಲ್ಕು ಹೆಜ್ಜೆ ಮುಂದೆ ಹೋಗಿ, ಅಲ್ಲ, ಇವಳಿರಬೇಕು ಎಂದುಕೊಂಡ. ಆಗ ಅವನು ನಿಂತುಬಿಟ್ಟ. ಮುಖವೇ ಮರೆತವನು, ಅವಳೇ ಎದುರಿಗೆ ಬಂದರೂ ಹೇಗೆ ಗುರುತು ಹಿಡಿದಾನು? ಕಟ್ಟಿಕೊಂಡ ಹೆಂಡತಿಯನ್ನು ರಾಣಿಯರ ನಡುವೆ ಹುಡುಕುತ್ತ ಕಣ್ಣೀರು ಬಂತು. ಕೊನೆಗೆ ಮುಖ ನೋಡುವುದನ್ನು ಬಿಟ್ಟು, ಪೆಟ್ಟಿಗೆ ಇರುವ ಪಟ ಯಾವುದು ಎಂದು ಮೂರು ಅಂತಸ್ತೂ ಹುಡುಕಿದ. ಇರಲಿಲ್ಲ.

ಅಲ್ಲಿದ್ದ ವಯಸ್ಸಾದ ಗುಮಾಸ್ತರೊಬ್ಬರು ಇವನ ಪಾಡು ಕಂಡು ವಿಚಾರಿಸಿದರು. ಮೇಷ್ಟ್ರ ಹೆಸರು ಹೇಳಿದ ಕೂಡಲೇ ಅವರಿಗೆ ಗೊತ್ತಾಯಿತು. ‘ಅವರು ತೀರಿಕೊಂಡು ಮೂರು ವರ್ಷವಾಯಿತಪ್ಪ. ಅವರ ಪಟಗಳೆಲ್ಲ ಎಡತೊರೆಯ ಒಬ್ಬ ವಕೀಲರ ಮನೆಯಲ್ಲಿವೆ. ಅದಕ್ಕೇ ಒಂದು ಚಿತ್ರಶಾಲೆ ಕಟ್ಟಿಸಿದ್ದಾರೆ, ಭಾನುವಾರ ಬಾಗಿಲು ತೆಗೀತಾರೆ’ ಎಂದರು. ಕೃಷ್ಣರಾಜನಗರವಾಗಿ ಎಷ್ಟೋ ವರ್ಷವಾಗಿದ್ದರೂ ಹಳಬರ ಬಾಯಲ್ಲಿ ಅದಿನ್ನೂ ಎಡತೊರೆಯೇ. ಕಂಠಪ್ಪ ಆ ರಾತ್ರಿಯೂ ಮರುದಿನವೂ ಮೈಸೂರಿನ ಒಂದು ಮಠದಲ್ಲಿ ಉಳಿದ. ಸಂಜೆ ಪಾರ್ಕಿನ ಕಂಬದ ಮೇಲಿನ ರೇಡಿಯೋದಲ್ಲಿ ಯಾರೋ ವೀಣೆ ನುಡಿಸುತ್ತಿದ್ದರು. ಜನ ಹುಲ್ಲಿನ ಮೇಲೆ ಕೂತು ಕೇಳುತ್ತಿದ್ದರು, ಎಷ್ಟೋ ಗಂಡಸರು ಹೆಂಡಂದಿರ ಜೊತೆ ಬಂದಿದ್ದರು. ಬೇರೆಯವರು ಹಾಕಿದ ಹಾಡನ್ನು ಕಂಠಪ್ಪ ಬಹಳ ವರ್ಷದ ಮೇಲೆ ಕೇಳಿದ. ಮಲ್ಲಮ್ಮನನ್ನು ಒಂದು ದಿನವೂ ಹೀಗೆ ಕರೆತರಲಿಲ್ಲವಲ್ಲ ಎನ್ನಿಸಿತು.

ಭಾನುವಾರ ಬೆಳಗ್ಗೆ ಸಾಗರಕಟ್ಟೆಯ ಸೇತುವೆ ದಾಟಿ, ನೀರಿನ ಅಂಚಿನಲ್ಲಿ ಕೂತು ಪ್ಲೇಟನ್ನು ಇನ್ನೊಂದು ಸಲ ಹಾಕಿದ. ಮಧ್ಯಾಹ್ನದ ಹೊತ್ತಿಗೆ ವಕೀಲರ ಮನೆ ಸಿಕ್ಕಿತು. ಚಿತ್ರಶಾಲೆಯೆಂದರೆ ಹಿತ್ತಲಿನಲ್ಲಿ ಕಟ್ಟಿಸಿದ ಒಂದು ಉದ್ದನೆಯ ಹಜಾರ. ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಕಾವಲುಗಾರ ದಾಸಯ್ಯ ಅಡ್ಡ ಕೈ ಹಾಕಿದ.

‘ಪೆಟ್ಟಿಗೆ ಒಳೀಕೆ ಬುಡಾಕಿಲ್ಲ ಕಣ್ರೀ. ಇಲ್ಲೇ ಇಕ್ಕಿ, ನಾನ್ ನೋಡ್ಕತೀನಿ.’

ಮದುಮಗನನ್ನೇ ಹತ್ತಿರ ಬಿಡದವನು ಪೆಟ್ಟಿಗೆಯನ್ನು ದಾಸಯ್ಯನ ಕಾಲ ಬುಡದಲ್ಲಿ ಇಟ್ಟು ಒಳಗೆ ಹೋದ.

ಹುಡುಕಬೇಕಾಗಲಿಲ್ಲ. ಹಜಾರದ ಕೊನೆಯಲ್ಲಿ, ಮುಕ್ಕಾಲು ಮಾರು ಅಗಲದ ಪಟದಲ್ಲಿ, ಅವನ ಮನೆಯೇ ಇತ್ತು. ಮುಚ್ಚಳ ತೆರೆದ ಪೆಟ್ಟಿಗೆಯ ಮೂಲೆಯ ನಗ್ಗು ಕೂಡ ಹಾಗೇ ಇತ್ತು. ಪೆಟ್ಟಿಗೆಯ ಪಕ್ಕದಲ್ಲಿ ಅವಳು. ಒಂದು ಮೊಣಕಾಲು ಮಡಿಸಿ, ಒಂದು ಕೈ ನೆಲಕ್ಕೆ ಊರಿ, ಮೊರವನ್ನು ಆಚೆ ಸರಿಸಿ, ಬೆನ್ನು ಕೊಟ್ಟು ಕೂತಿದ್ದಳು. ಆ ಬೆನ್ನು ಕಂಡ ಕೂಡಲೇ ಗುರುತು ಹತ್ತಿತು. ನೂರು ಬೆನ್ನುಗಳ ನಡುವೆಯೂ ಅದನ್ನು ಅವನು ಗುರುತು ಹಿಡಿಯುತ್ತಿದ್ದ. ತುರುಬಿನ ಕೆಳಗಿನ ಕತ್ತು, ಜಾರಿದ ಸೆರಗು, ಬಳೆ, ಎಲ್ಲ ಅವಳೇ. ‘ಮಲ್ಲಿ’ ಎಂದ. ಬಹಳ ವರ್ಷದಿಂದ ಆ ಹೆಸರನ್ನು ಅವನು ಕೂಗಿರಲಿಲ್ಲ.

ಮುಖ ಇರಲಿಲ್ಲ. ಎಡಕ್ಕೆ ಸರಿದು ನೋಡಿದ. ಬಲಕ್ಕೆ ಸರಿದು ನೋಡಿದ. ಬುದ್ಧಿಗೆ ತಿಳಿಯುತ್ತಿದ್ದರೂ ಮನಸ್ಸು ಕೇಳದೆ, ಗೋಡೆಗೆ ಕೆನ್ನೆ ಒತ್ತಿ, ಪಟದ ಪಕ್ಕದಿಂದ ಅವಳ ಆಚೆ ಬದಿ ಕಂಡೀತೇ ಎಂದು ಇಣುಕಿದ. ಬಾಗಿಲಿಂದ ಎದ್ದು ಬಂದ ದಾಸಯ್ಯ ಅವನ ಭುಜ ಮುಟ್ಟಿದ.

‘ಏನ್ರೀ ಇದು, ಗ್ವಾಡೆಗೆ ಮುಖ ಉಜ್ಕಂಡು? ಆ ಎಂಗಸಿನ ಮುಖ ಬರ್ದಿಲ್ಲ ಕಣ್ರೀ. ಎಲ್ರೂ ನೋಡಾದು ಆ ಗಂಡ್ಸಿನ ಮುಖಾನೇ.’

‘ಯಾವ ಗಂಡ್ಸು?’

ದಾಸಯ್ಯ ಬೆರಳು ಮಾಡಿದ. ಪೆಟ್ಟಿಗೆಯ ಆಚೆ, ಅವಳ ಎದುರಿಗೆ, ಬಾಗಿಲ ಚೌಕಟ್ಟಿನಲ್ಲಿ ಒಬ್ಬ ಕೈಕಟ್ಟಿ ನಿಂತಿದ್ದ. ಬೆಳಕೆಲ್ಲ ಅವನ ಮುಖದ ಮೇಲೇ ಬಿದ್ದಿತ್ತು. ಹುಬ್ಬು ಗಂಟಿಕ್ಕಿತ್ತು, ತುಟಿ ಬಿಗಿದಿತ್ತು. ಎದುರಿಗೆ ಕೂತವಳು ಒಂದು ಗಳಿಗೆ ಕತ್ತು ಹೊರಳಿಸಿದರೆ ತಿಂದೇಬಿಡುತ್ತೇನೆ ಎನ್ನುವಂತೆ ಅವಳನ್ನೇ ನೋಡುತ್ತಿದ್ದ.

‘ಕಸ ಗುಡ್ಸಾಕ್ ಬರಾ ಎಣ್ಣಾಳುಗಳೆಲ್ಲಾ ಏಳ್ತರೆ, ಪಾಪ ಆವಮ್ಮ ಯಂಗ್ ಬಾಳಾಟ ಮಾಡುದ್ಲೋ ಅಂತ’ ಎಂದ ದಾಸಯ್ಯ. ‘ನಿಮ್ಮ ಕಡೇವ್ರಾ ಅವ್ರು?’

ಹನ್ನೊಂದು ವರ್ಷ ಕಳೆದು, ತಲೆ ನರೆತು, ಅಳುತ್ತ ನಿಂತವನಲ್ಲಿ ದಾಸಯ್ಯನಿಗೆ ಆ ಮುಖ ಕಾಣಲಿಲ್ಲ. ಕಂಠಪ್ಪ ಹೂಂ ಎಂದನಷ್ಟೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಅವನಿಗೆ ಆವತ್ತು ತಿಳಿದದ್ದು ಇಷ್ಟು: ಅವಳ ಮುಖ ನೋಡಬೇಕೆಂದು ಬಂದವನಿಗೆ, ಅವಳು ನೋಡುತ್ತಿದ್ದ ಮುಖ ಕಾಣಿಸಿತ್ತು. ಆ ಮುಖವನ್ನು ಅವನು ಅದುವರೆಗೆ ಒಂದು ಸಲವೂ ಕಂಡಿರಲಿಲ್ಲ. ಅವಳು ದಿನವೂ ಕಂಡಿದ್ದಳು.

ಹಾರನಹಳ್ಳಿಯ ದಾರಿಯಲ್ಲಿ ಅವನು ಎಲ್ಲೂ ಪ್ಲೇಟು ಹಾಕಲಿಲ್ಲ. ಹುಣಸೂರಿನಲ್ಲಿ ರಾತ್ರಿ ಕಳೆದು, ಬೆಳಗ್ಗೆ ಮತ್ತೆ ಸೈಕಲ್ಲು ತುಳಿಯುವಾಗ ಅತ್ತೆಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡ. ಬೆಳ್ಳಗೆ ದುಂಡಗೆ ಹಂಗೇ ಇದ್ದಾಳೆ, ನಗುತ್ತಿದ್ದಾಳೆ ಎಂದುಬಿಟ್ಟರೆ ಮುಗಿಯಿತು. ಕಣ್ಣು ಮಂಜಾದ ಮುದುಕಿ ಎಡತೊರೆಗೆ ಹೋಗಿ ಪರೀಕ್ಷೆ ಮಾಡುವುದಿಲ್ಲ. ಮುದುಕಿಯ ಜೀವಕ್ಕೂ ತಂಪು. ಪುಣ್ಯದ ಸುಳ್ಳು ಎಂದು ತನಗೆ ತಾನೇ ಹತ್ತು ಸಲ ಹೇಳಿಕೊಂಡ.

ಸೈಕಲ್ಲಿನ ಸದ್ದಿಗೇ ವೀರಮ್ಮ ಜಗಲಿಯಿಂದ ಎದ್ದು ನಿಂತಳು.

‘ಸಿಕ್ತೇನಪ್ಪಾ?’

‘ಸಿಕ್ತು ಅತ್ತೆ.’

‘ಮಗಳು ಯಂಗವಳೆ?’

ಜೋಡಿಸಿಕೊಂಡ ಮಾತು ನಾಲಿಗೆಯವರೆಗೆ ಬಂದು ನಿಂತಿತು. ಸುಳ್ಳು ಹೇಳಿದರೆ ಮಲ್ಲಿಯನ್ನು ಇನ್ನೊಂದು ಸಲ ತಿರುಗದಂತೆ ಕೂರಿಸಿದ ಹಾಗಾಗುತ್ತದೆ ಎನ್ನಿಸಿತು.

‘ಅವಳ ಮುಖ ಇಲ್ಲ ಕಣತ್ತೆ. ಬೆನ್ ಕೊಟ್ಕಂಡು ಕುಂತವಳೆ. ಅಂಗೆ ಕುಂಡ್ರಿಸ್ದೋನು ನಾನೇ. ನನ್ ಮುಖ ಅದೆ. ಅವಳ ಎದುರ್ಗೆ ಸಿಡುಕ್ಕಂಡು ನಿಂತಿವ್ನಿ.’ ಸೈಕಲ್ಲನ್ನು ಗೋಡೆಗೆ ಒರಗಿಸಿದ. ‘ಅವಳಿಗೇನೂ ಆಗ್ದೆ ಇರ್ಲಿ, ನೂರ್ ವರ್ಷ ಬಾಳ್ಲಿ ಅಂತ್ಲೇ ನಿಂತಿದ್ದೆ ಕಣತ್ತೆ, ದ್ಯಾವ್ರಾಣೆಗೂ. ಪಟದಲ್ಲಿ ಅದೊಂದ್ ಚೂರೂ ಕಾಣಾಕಿಲ್ಲ.’

ವೀರಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಕೈ ಚಾಚಿ, ಅವನ ಹಣೆ, ಹುಬ್ಬು, ಕೆನ್ನೆಗಳನ್ನು ತಡವಿ ನೋಡಿದಳು.

‘ಈ ಮಾತ ಅವಳಿಗೆ ಯಾವತ್ತಾರ ಏಳಿದ್ಯಾ?’ ಎಂದಳು.

‘ಇಲ್ಲ ಕಣತ್ತೆ’ ಎಂದ ಕಂಠಪ್ಪ.