ಹೆಸರು ಕರೆದರೆ ತಿರುಗದ ಕೂಸು

ಬೆಳಗಿನ ಎರಡು ತಾಸು ನಮ್ಮ ಮನೆಯಲ್ಲಿ ಯಾರ ರಾಜ್ಯಭಾರ ಎಂದು ಯಾರಾದರೂ ಕೇಳಿದರೆ, ಹೈದರಾಬಾದಿನ ನಿಜಾಮ ಹುಜೂರರದು ಎಂದು ಹೇಳುವ ಧೈರ್ಯ ನನಗಿಲ್ಲ. ಆ ಹೊತ್ತಿನಲ್ಲಿ ಬಚ್ಚಲೇ ರಾಜಧಾನಿ. ಮಣೆಯ ಮೇಲೆ ಕಾಲು ಚಾಚಿ ಕುಳಿತ ನಮ್ಮ ಅತ್ತೆಯೇ ಅಲ್ಲಿಯ ಅರಸಿ. ಅವರ ಕಾಲುಗಳ ಮೇಲೆ ಎಣ್ಣೆ ಹಚ್ಚಿಸಿಕೊಂಡು ಮೀನಿನಂತೆ ಮಿರುಗುತ್ತ ಮಲಗಿದ ಒಂಬತ್ತು ತಿಂಗಳ ನನ್ನ ಮಗನೇ ಏಕಮಾತ್ರ ಪ್ರಜೆ. ಕಲಬುರ್ಗಿಯ ಕಚೇರಿಯಲ್ಲಿ ಉರ್ದುವಿನಲ್ಲಿ ವಾದ ಮಾಡಿ ನಾಲ್ಕು ಜನರಿಂದ ಸೈ ಎನ್ನಿಸಿಕೊಳ್ಳುವ ವಕೀಲರು, ಅಂದರೆ ನನ್ನ ಯಜಮಾನರು, ಆ ರಾಜ್ಯದಲ್ಲಿ ಹಂಡೆಯ ಬುಡಕ್ಕೆ ಕಟ್ಟಿಗೆ ಸರಿಸುವ ಊಳಿಗದವರು. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಆರು ವರ್ಷ ಕಲಿತು, ಪಿಯಾನೋದ ಮೇಲೆ ಎರಡು ಪ್ರಾರ್ಥನಾಗೀತೆ ನುಡಿಸಬಲ್ಲ ನಾನು, ಒಣಬಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುವವಳು.

ಆ ದಿನ ಬೆಳಗ್ಗೆಯೂ ಎಲ್ಲವೂ ಎಂದಿನ ಕ್ರಮದಲ್ಲೇ ನಡೆಯಿತು. ಎಣ್ಣೆ ತಿಕ್ಕಿದ್ದಾಯಿತು, ಮೂಗು ನೀವಿದ್ದಾಯಿತು, ಕೊನೆಯ ಚೊಂಬು ನೀರನ್ನು ನಿವಾಳಿಸಿ ಚೆಲ್ಲಿದ್ದಾಯಿತು. ನಾನು ಮಗನ ತೊಡೆಯ ಮಡಿಕೆಗಳನ್ನು ನೋಡುತ್ತ ಮೈಮರೆತಿದ್ದೆ.

"ಹಂಗ ಕಣ್ಣು ಕಿಸದು ನೋಡಬ್ಯಾಡ, ದೃಷ್ಟಿ ಆಗ್ತದ. ಬಟ್ಟಿ ಹಿಡಿ," ಎಂದರು ಅತ್ತೆ.

ಆಮೇಲೆ ಲೋಬಾನದ ಹೊಗೆ, ಕುಂಚಿಗೆ, ಒಳಲೆಯಲ್ಲಿ ಎರಡು ಗುಟುಕು ಹಾಲು, ತೊಟ್ಟಿಲು. ಹೊಗೆಯ ಪರಿಮಳ ಇನ್ನೂ ಸೂರಿನಲ್ಲಿ ತೂಗಾಡುತ್ತಿರುವಾಗಲೇ ಕೂಸಿಗೆ ನಿದ್ದೆ. ಜಗತ್ತಿನಲ್ಲಿ ಎರೆಸಿಕೊಂಡು ಮಲಗಿದ ಕೂಸಿನಷ್ಟು ನಿಶ್ಚಿಂತವಾದ ಜೀವ ಇನ್ನೊಂದಿಲ್ಲ. ಅದನ್ನು ನೋಡುತ್ತ ಕೂಡುವ ತಾಯಿಯಷ್ಟು ಚಿಂತೆ ಹುಡುಕುವ ಜೀವವೂ ಇನ್ನೊಂದಿಲ್ಲ. ನನಗೆ ಆ ದಿನದ ಚಿಂತೆ ಅಂಚೆಯಲ್ಲಿ ಬಂತು.

ಕಾಗದ ಬರೆದವರು ಕಾನ್ವೆಂಟಿನಲ್ಲಿ ನನಗೆ ಕಲಿಸಿದ ಸನ್ಯಾಸಿನಿ. ನಾವು ಅವರನ್ನು ಸಿಸ್ಟರ್ ಎಂದು ಕರೆಯುತ್ತಿದ್ದೆವು. ಮದುವೆಯಾಗಿ ಬಂದ ಮೇಲೂ ನನ್ನನ್ನು ಮರೆಯದೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಉಪದೇಶ ಕಳಿಸುವ ಕರುಣಾಳು. ಕೂಸಿಗೆ ಗಡಿಯಾರ ನೋಡಿ ಹಾಲು ಕುಡಿಸು, ಅತ್ತ ತಕ್ಷಣ ಎತ್ತಬೇಡ ಎಂದೆಲ್ಲ ಹಿಂದಿನ ಕಾಗದಗಳಲ್ಲಿ ಬಂದಿತ್ತು. ನಮ್ಮ ಮನೆಯ ಗಡಿಯಾರ ತನ್ನ ಮನಸ್ಸು ಬಂದಾಗ ನಡೆಯುವಂಥದು, ಅತ್ತೆಯ ಕಿವಿಗೆ ಕೂಸಿನ ಅಳು ಬಿದ್ದಮೇಲೆ ಎತ್ತದಿರುವ ಮಾತೇ ಇಲ್ಲ. ಹೀಗಾಗಿ ಆ ಉಪದೇಶಗಳು ಪೆಟ್ಟಿಗೆಯಲ್ಲಿ ಮಡಿಕೆ ಕೆಡದೆ ಸುಖವಾಗಿದ್ದವು. ಆದರೆ ಈ ಸಲದ ಒಂದು ಸಾಲು ಪೆಟ್ಟಿಗೆಗೆ ಹೋಗಲು ಒಪ್ಪಲಿಲ್ಲ. "ಒಂಬತ್ತು ತಿಂಗಳ ಕೂಸು ಬೆನ್ನ ಹಿಂದಿನಿಂದ ಮೃದುವಾಗಿ ಹೆಸರು ಕರೆದರೆ ತಿರುಗಿ ನೋಡಬೇಕು. ತಿರುಗದಿದ್ದರೆ ಕಿವಿಯನ್ನು ಪರೀಕ್ಷಿಸಬೇಕು. ಗದ್ದಲ ಮಾಡಿ ನೋಡುವುದು ಪರೀಕ್ಷೆಯಲ್ಲ. ನೆಲ ಅದುರಿದರೂ ಕಿವುಡು ಕೂಸು ಬೆಚ್ಚುತ್ತದೆ."

ಇಲ್ಲಿ, ಓದುವ ಗೆಳತಿಯರೇ, ನಿಮಗೆ ನಮ್ಮ ಮನೆಯ ಒಂದು ಇಕ್ಕಟ್ಟನ್ನು ಹೇಳಲೇಬೇಕು. ನನ್ನ ಮಗನಿಗೆ ಇಟ್ಟದ್ದು ನಮ್ಮ ಮಾವನವರ ಹೆಸರು. ಅವರು ಶಿವಾಧೀನರಾಗಿ ಆಗಲೇ ನಾಲ್ಕು ವರ್ಷ. ಗಂಡನ ಹೆಸರನ್ನು ನಮ್ಮ ಅತ್ತೆ ಜೀವಮಾನದಲ್ಲಿ ನಾಲಿಗೆಗೆ ತಂದವರಲ್ಲ. ಮಾವನ ಹೆಸರನ್ನು ಸೊಸೆಯಾದ ನಾನು ತರುವಂತಿಲ್ಲ. ಇನ್ನು ನನ್ನ ಯಜಮಾನರೋ, ಹೆತ್ತ ಅಪ್ಪನ ಹೆಸರು ಹಿಡಿದು "ಏ, ಉಚ್ಚಿ ಹೊಯ್ದೆಯೇನೋ" ಎನ್ನಲು ಹೇಗೆ ಬಾಯಿ ಬಂದೀತು? ಹೀಗೆ, ಮನೆಯಲ್ಲಿ ಅತ್ಯಂತ ಗೌರವದ ಹೆಸರು ಹೊತ್ತ ವ್ಯಕ್ತಿಯನ್ನು ಆ ಹೆಸರಿನಿಂದ ಕರೆಯುವ ಅಧಿಕಾರ ಮನೆಯ ಒಬ್ಬರಿಗೂ ಇರಲಿಲ್ಲ. ಈ ಬರಹದಲ್ಲೂ ಅದನ್ನು ಕಾಣಿಸಲು ನನ್ನ ಲೇಖನಿ ಹಿಂದೆ ಸರಿಯುತ್ತದೆ, ಕ್ಷಮಿಸಿ.

ಆ ಹೆಸರು ಅವನ ಕಿವಿಯಲ್ಲಿ ಬಿದ್ದದ್ದು ಒಂದೇ ಸಲ, ನನ್ನ ತವರು ಕಮಲಾಪುರದಲ್ಲಿ, ತೊಟ್ಟಿಲಿಗೆ ಹಾಕಿದ ದಿನ. ನನ್ನ ನಾದಿನಿ ಕಲಬುರ್ಗಿಯಿಂದ ಬಂಡಿಯಲ್ಲಿ ಬಂದು, ಸೋದರತ್ತೆಯ ಹಕ್ಕಿನಿಂದ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಊದಿ ಹೆಸರು ಹೇಳಿದಳು. ಅಷ್ಟರಲ್ಲಿ ಸುತ್ತ ನೆರೆದ ಹೆಂಗಸರೆಲ್ಲ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದು ಹಾಕಿದರು. ಪದ್ಧತಿಗಿಂತ ನಾಲ್ಕು ಗುದ್ದು ಹೆಚ್ಚೇ ಹಾಕಿದರೆಂದು ಅವಳು ಈಗಲೂ ದೂರುತ್ತಾಳೆ. ಆ ಗುದ್ದಾಟದಲ್ಲಿ ಕೂಸು ಕಿರುಚಿತು. ಕೇಳಿಸಿಕೊಂಡಿತೋ ಇಲ್ಲವೋ ದೇವರೇ ಬಲ್ಲ.

ಅಂದಿನಿಂದ ಅವನು ಬಾಯಿಗೊಂದು ಹೆಸರಿನವನಾದ. ತವರಿನ ತೋಟದ ಕೆಂಪು ಬಾಳೆಹಣ್ಣಿನ ಬಣ್ಣಕ್ಕೆ ಹೋಲಿಸಿ ನನ್ನ ಅವ್ವ "ಕೆಂಪ್ಯಾ" ಎಂದಳು. ಯಜಮಾನರಿಗೆ ಅವನು "ಪೈಲ್ವಾನ". ನಾನು ಬೆಳಗ್ಗೆ "ರಾಜಾ" ಎಂದರೆ ಮಧ್ಯಾಹ್ನ "ಗುಬ್ಬಿ", ಸಂಜೆ ಇನ್ನೇನೋ. ಸೀರೆಗಿಂತ ಹೆಚ್ಚು ಹೆಸರು ಬದಲಿಸುತ್ತಿದ್ದೆ.

ಅತ್ತೆ ಗುಡಿಗೆ ಹೋದರು. ಯಜಮಾನರು ಕಚೇರಿಗೆ ಹೋಗಿಯಾಗಿತ್ತು. ಮಗ ಎದ್ದು, ಪಡಸಾಲೆಯ ಕೌದಿಯ ಮೇಲೆ ನನಗೆ ಬೆನ್ನು ಮಾಡಿ ಕುಳಿತು, ಕಟ್ಟಿಗೆಯ ಸವುಟೊಂದನ್ನು ತನ್ನ ಎರಡು ಹಲ್ಲುಗಳಿಂದ ವಿಚಾರಣೆ ಮಾಡುತ್ತಿದ್ದ. ನಾನು ಬೀದಿಬಾಗಿಲ ಅಗಳಿ ಹಾಕಿದೆ. ಕಳ್ಳಿಯಂತೆ ಸುತ್ತ ನೋಡಿದೆ. ಆಮೇಲೆ, ಆ ಮನೆಗೆ ಬಂದ ಮೇಲೆ ಮೊದಲ ಬಾರಿಗೆ, ಮಾವನವರ ಹೆಸರನ್ನು ಪಿಸುಗುಟ್ಟಿದೆ.

ಕೂಸು ತಿರುಗಲಿಲ್ಲ.

ಮಾತಿನ ದನಿಯಲ್ಲಿ ಹೇಳಿದೆ. ತಿರುಗಲಿಲ್ಲ. ಕಾನ್ವೆಂಟಿನಲ್ಲಿ ಹಾಜರಿ ಕರೆಯುವ ಸ್ಪಷ್ಟತೆಯಿಂದ, ಒಂದೊಂದು ಅಕ್ಷರ ಬಿಡಿಸಿ ಹೇಳಿದೆ. ಸವುಟಿನ ವಿಚಾರಣೆ ಮುಂದುವರಿಯಿತು. "ರಾಜಾ" ಎಂದೆ, "ಗುಬ್ಬಿ" ಎಂದೆ; ಯಾವುದಕ್ಕೂ ಆ ಪುಟ್ಟ ಕುತ್ತಿಗೆ ಮಿಸುಕಲಿಲ್ಲ. ಕೊನೆಗೆ ತಾಳ್ಮೆಗೆಟ್ಟು ಹಿಟ್ಟು ನಾದುವ ಹಿತ್ತಾಳೆಯ ಪರಾತವನ್ನೇ ಕಲ್ಲುಹಾಸಿನ ಮೇಲೆ ಬಿಟ್ಟೆ. ಅವನು ಬೆಚ್ಚಿಬಿದ್ದು, ತಿರುಗಿ, ಓಣಿ ಕೇಳುವಂತೆ ಅತ್ತ. ಎತ್ತಿಕೊಂಡು ಸಮಾಧಾನ ಮಾಡುತ್ತ ಒಂದು ಕ್ಷಣ ಹಿಗ್ಗಿದೆ. ಮರುಕ್ಷಣವೇ ಸಿಸ್ಟರರ ಇರುವೆ ಸಾಲು ಕಣ್ಣಮುಂದೆ ಹರಿಯಿತು: ನೆಲ ಅದುರಿದರೂ ಬೆಚ್ಚುತ್ತದೆ.

ಚಿಂತೆಗೆ ಸಾಕ್ಷಿಗಳು ಬೇಕಾದಷ್ಟು ಸಿಗುತ್ತವೆ. ಸ್ಟೇಶನ್ನಿನಿಂದ ರೈಲು ಕೂಗಿದರೂ ಇವನಿಗೆ ಎಚ್ಚರವಾಗುವುದಿಲ್ಲ. ತೊಟ್ಟಿಲ ಪಕ್ಕದಲ್ಲೇ ಬೀಸುಕಲ್ಲು ಗುಡುಗಿದರೂ ಮಲಗಿರುತ್ತಾನೆ. ನಿನ್ನೆಯವರೆಗೆ ಇವೆಲ್ಲ ನಮ್ಮ ಕೂಸಿನ ಸದ್ಗುಣಗಳು. ನಾನೇ ನೆರೆಹೊರೆಗೆ ಹೊಗಳಿಕೊಂಡಿದ್ದೆ. ಈಗ ಒಂದೊಂದೂ ಕಟಕಟೆಗೆ ಬಂದು ನಿಂತು ಅವನ ವಿರುದ್ಧ ಸಾಕ್ಷಿ ನುಡಿಯಿತು.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಂಡಿದ್ದು ಕಮಲಾಪುರದ ಒಂದು ನೆನಪು. ನನ್ನ ದೊಡ್ಡಪ್ಪನ ಮಗಳು ಶರಣಿ ಹುಟ್ಟುಕಿವುಡಿ. ಅವಳು ತೋಟದ ಕಾಲುವೆಯ ದಂಡೆಯಲ್ಲಿ ಕುಳಿತಿದ್ದಾಗ ನಾವು ಹುಡುಗಿಯರು ಸದ್ದಿಲ್ಲದೆ ಹಿಂದೆ ಹೋಗಿ ಚಪ್ಪಾಳೆ ಹೊಡೆಯುತ್ತಿದ್ದೆವು, ತಿರುಗದಿದ್ದರೆ ನಗು. ಅವಳು ನಮ್ಮ ನೆರಳು ಕಂಡು ತಿರುಗಿದಾಗ ತಾನೂ ನಗುತ್ತಿದ್ದಳು, ಏತಕ್ಕೆಂದು ತಿಳಿಯದೆಯೇ. ನನಗೆ ಆಗ ಏಳು ವರ್ಷ. ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಆ ನಗು, ಆ ಮಧ್ಯಾಹ್ನ ನನ್ನ ಮಗನ ಮುಖದಲ್ಲಿ ಕಂಡಿತು. ಅವನ ಹಿಂದೆಯೂ ನಾಳೆ ಓಣಿಯ ಮಕ್ಕಳು ಸದ್ದಿಲ್ಲದೆ ಬಂದು ನಿಂತಾರು. ನಾನು ಅವನನ್ನು ಎದೆಗೆ ಒತ್ತಿಕೊಂಡು, ಯಾರ ಬಳಿ ಕ್ಷಮೆ ಕೇಳಬೇಕೆಂದು ತಿಳಿಯದೆ, ಶರಣಿಯ ಹೆಸರನ್ನೂ ಮಾವನವರ ಹೆಸರನ್ನೂ ಬೆರೆಸಿ ಏನೇನೋ ಬೇಡಿಕೊಂಡೆ.

ಯಾರಿಗಾದರೂ ಹೇಳೋಣವೆಂದರೆ ಹೇಗೆ ಹೇಳಲಿ? "ಹೆಸರು ಕರೆದೆ, ತಿರುಗಲಿಲ್ಲ" ಎಂದರೆ "ಯಾವ ಹೆಸರು" ಎಂದು ಕೇಳದೆ ಬಿಟ್ಟಾರೆಯೆ? ಕಿವಿಯ ಚಿಂತೆಗಿಂತ ನಾಲಿಗೆಯ ಅಪರಾಧ ಮೊದಲು ಬಯಲಾಗಬೇಕಿತ್ತು.

ಒಲೆಯ ಮುಂದೆ ಕುಳಿತವಳಿಗೆ ರೊಟ್ಟಿಯ ಮೇಲೆ ಗಮನವಿರಲಿಲ್ಲ. ಗುಡಿಯಿಂದ ಬಂದ ಅತ್ತೆ ಅಡುಗೆಮನೆಗೆ ಕಾಲಿಡುತ್ತಲೇ ಮೂಗು ಅರಳಿಸಿದರು.

"ರೊಟ್ಟಿ ಕರಕಲಾಗ್ಯಾದ. ಲಕ್ಷ್ಯ ಎಲ್ಲಿ ಅದ ನೀಲಾ? ಕಾಗದ ಬಂದದಂತಲ್ಲ, ತವರಾಗ ಎಲ್ಲಾರೂ ಆರಾಮ ಹೌದಿಲ್ಲೊ?"

"ತವರಿನ ಕಾಗದ ಅಲ್ರೀ ಅತ್ತೀ," ಎಂದೆ. "ನಾ ಒಂದು ತಪ್ಪು ಮಾಡೀನ್ರೀ. ಮಾವನೋರ ಹೆಸರು ತೊಗೊಂಡೀನಿ."

ನಾನು ಒಂದೇ ಉಸಿರಿನಲ್ಲಿ ಕಾಗದ, ಅಗಳಿ, ಸವುಟು, ಪರಾತ ಎಲ್ಲವನ್ನೂ ಹೇಳಿ, "ಕೂಸಿಗಿ ಕಿವಿ ಕೇಳಂಗಿಲ್ಲ ಅನಸ್ತದ್ರೀ," ಎಂದು ಅತ್ತುಬಿಟ್ಟೆ.

ಬೈಗುಳಕ್ಕೆ ತಲೆ ಬಗ್ಗಿಸಿ ಕುಳಿತಿದ್ದೆ. ಅದು ಬರಲಿಲ್ಲ. ಅತ್ತೆ ನಿಧಾನವಾಗಿ ನನ್ನ ಪಕ್ಕದಲ್ಲಿ ಕುಳಿತರು.

"ಹೆಂಗ ಕರದಿ?"

"ಅಯ್ಯೋ, ಬ್ಯಾಡ್ರೀ ಅತ್ತೀ."

"ಇನ್ನೊಮ್ಮೆ ಕರಿ. ನಾ ಕೇಳ್ತೀನಿ."

ಕರೆದೆ. ಹೊಗೆ ತುಂಬಿದ ಆ ಅಡುಗೆಮನೆಯಲ್ಲಿ ಒಬ್ಬ ದೊಡ್ಡ ಮನುಷ್ಯರ ಹೆಸರು ನನ್ನ ತೊದಲು ದನಿಯಲ್ಲಿ ಎದ್ದು ನಿಂತಿತು. ಅತ್ತೆ ಸೆರಗನ್ನು ಬಾಯಿಗೆ ಹಿಡಿದುಕೊಂಡರು. ಹಂಚಿನ ಮೇಲಿನ ಇನ್ನೊಂದು ರೊಟ್ಟಿಯೂ ಸುಟ್ಟಿತು. ಅದರ ಬಗ್ಗೆ ಅವರು ಚಕಾರವೆತ್ತಲಿಲ್ಲ.

"ನಾಕು ವರ್ಷ ಆತು, ಈ ಮನ್ಯಾಗ ಆ ಹೆಸರು ಕೇಳಿ," ಎಂದರು. "ಮಠದ ಅಯ್ಯಗೋಳು ಬಂದಾಗ ಹಂಗ ಕರೀತಿದ್ರು. ನಾ ಒಳಗಿಂದ ಕೇಳಿ ಕೇಳಿ ಖುಷಿ ಪಡ್ತಿದ್ದೆ. ನನ್ನ ಬಾಯಾಗ ಎಂದೂ ಬರ್ಲಿಲ್ಲ ನೋಡು."

ಆಮೇಲೆ ಕಣ್ಣೊರೆಸಿಕೊಂಡು ನನ್ನ ತಲೆಗೆ ಮೆಲ್ಲಗೆ ಮೊಟಕಿದರು. "ಹುಚ್ಚಿ. ಅದು ತನ್ನ ಹೆಸರಂತ ಅವಂಗ ಹೇಳ್ದವರ್ಯಾರು? ನೀ ಏನು ಹೇಳೀಯಾ, ನಾ ಏನು ಹೇಳೀನಾ? ಏಳು, ಬಾ ಇಲ್ಲಿ."

ಪಡಸಾಲೆಯಲ್ಲಿ ಮಗ ಮತ್ತೆ ನಮಗೆ ಬೆನ್ನು ಮಾಡಿ ಕುಳಿತಿದ್ದ. ಅತ್ತೆ ಬಾಗಿಲ ಮರೆಯಲ್ಲಿ ನಿಂತರು. ಅವರು ಎಷ್ಟು ಮೆಲ್ಲಗೆ ಕರೆದರೆಂದರೆ ಪಕ್ಕದಲ್ಲಿದ್ದ ನನಗೇ ಅರ್ಧ ಕೇಳಿಸಿತು.

"ಏನ್ರೀ..."

ಅವನು ಬರೀ ಕುತ್ತಿಗೆಯನ್ನಲ್ಲ, ಇಡೀ ದೇಹವನ್ನೇ ತಿರುಗಿಸಿದ. ತಿರುಗಿದ ಭರಕ್ಕೆ ಪಕ್ಕಕ್ಕೆ ಉರುಳಿ, ಉರುಳಿದಲ್ಲಿಂದಲೇ ಎರಡು ಹಲ್ಲು ತೋರಿಸಿ ನಕ್ಕ.

ನಲವತ್ತು ವರ್ಷ ಗಂಡನನ್ನು ಕರೆದ ರೀತಿಯಲ್ಲೇ ಅತ್ತೆ, ಗಂಡನದೇ ಹೆಸರು ಹೊತ್ತ ಮೊಮ್ಮಗನನ್ನೂ ಕರೆಯುತ್ತಿದ್ದರು. ಏನ್ರೀ ಏಳ್ರಿ, ಏನ್ರೀ ಹಾಲು ಕುಡೀರಿ, ಏನ್ರೀ ಅಳಬ್ಯಾಡ್ರಿ. ದಿನಕ್ಕೆ ನೂರು ಸಲ ನಾನೂ ಕೇಳಿದ್ದೆ. ಅಜ್ಜಿಯ ಮುದ್ದು ಎಂದು ನಕ್ಕು ಸುಮ್ಮನಾಗಿದ್ದೆ. ಕೂಸು ಮಾತ್ರ ನಕ್ಕು ಬಿಡದೆ, ಇದೇ ತನ್ನ ಹೆಸರೆಂದು ನಂಬಿ, ವಿಧೇಯವಾಗಿ ಉತ್ತರ ಕೊಡುತ್ತ ಬಂದಿತ್ತು. ಕಾಗದದ 'ಹೆಸರು' ಎಂಬ ಒಂದು ಪದವನ್ನು ಗಟ್ಟಿಯಾಗಿ ಹಿಡಿದು ನಾನು ಅರ್ಧ ದಿನ ಕಣ್ಣೀರಿಟ್ಟೆ; ನಿಜಕ್ಕೂ ಕಿವಿ ಚುರುಕಿಲ್ಲದವಳು ಆ ಮನೆಯಲ್ಲಿ ನಾನೊಬ್ಬಳೇ. ಜಾತಕದಲ್ಲಿ ಬರೆದದ್ದೂ ತೊಟ್ಟಿಲಲ್ಲಿ ಊದಿದ್ದೂ ಇರಲಿ. ಯಾರು ನಮ್ಮನ್ನು ದಿನವೂ ಬಿಡದೆ ಪ್ರೀತಿಯಿಂದ ಕರೆಯುತ್ತಾರೋ ಅವರು ಕರೆದದ್ದಕ್ಕೆ ನಾವು ತಿರುಗುತ್ತೇವೆ. ಅಷ್ಟು ಪ್ರೀತಿಯನ್ನು ಒಂದು ಕರೆಯಲ್ಲಿ ಇಟ್ಟುಕೊಂಡು ವರ್ಷಗಟ್ಟಲೆ ಸುಮ್ಮನಿದ್ದ ಹೆಂಗಸಿಗೆ, ಕರೆದರೆ ತಿರುಗುವ ಒಂದು ಜೀವವನ್ನು ಮತ್ತೆ ಕೊಟ್ಟ ಪುಣ್ಯ ನನ್ನ ಪಾಲಿಗೆ ಬಂದಿತ್ತೆಂದು ಹೊಳೆದಾಗ, ಮತ್ತೊಮ್ಮೆ ಕಣ್ಣು ತುಂಬಿತು. ಸಿಸ್ಟರರಿಗೆ ಆ ಮಧ್ಯಾಹ್ನವೇ ಉತ್ತರ ಬರೆದೆ: ಕೂಸು ಹೆಸರು ಕರೆದರೆ ತಿರುಗುತ್ತದೆ. ಯಾವ ಹೆಸರೆಂದು ಬರೆಯಲಿಲ್ಲ. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಅವರೇ ನನಗೆ ಕಲಿಸಿರಲಿಲ್ಲ.

ಸಂಜೆ ಬಿಸಿಲು ಇಳಿದ ಮೇಲೆ ಮಗನನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದೆ. ಪಕ್ಕದ ಮನೆಯ ಗುರಮ್ಮ ತಮ್ಮ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಬೇಳೆ ಹಸನು ಮಾಡುತ್ತಿದ್ದರು. ಅವರ ಯಜಮಾನರು ಗಂಜಿನ ಪೇಟೆಯಿಂದ ಆಗಷ್ಟೇ ಬಂದು, ರುಮಾಲು ಬಿಚ್ಚಿ, ಕಂಬಕ್ಕೆ ಒರಗಿ ಬೀದಿ ನೋಡುತ್ತಿದ್ದರು. ನಾನು ಹಗಲಿನ ಸಂಗತಿಯನ್ನು ಹೊರಗಿನ ಯಾರಿಗೂ ಹೇಳಿರಲಿಲ್ಲ. ಒಳಗಿನಿಂದ ಅತ್ತೆಯ ದನಿ ಬಂತು: "ಏನ್ರೀ, ಬರ್ರಿ, ಹಾಲು ಕಾಸೀನಿ."

ನನ್ನ ತೊಡೆಯ ಮೇಲಿನ ಹಿರಿಯರು ತಟಕ್ಕನೆ ಬಾಗಿಲ ಕಡೆ ತಿರುಗಿದರು. ಪಕ್ಕದ ಕಟ್ಟೆಯ ಮೇಲೆ ಕಂಬಕ್ಕೆ ಒರಗಿದ್ದವರೂ "ಆಂ?" ಎಂದು ತಿರುಗಿದರು.

ಗುರಮ್ಮ ಬೇಳೆಯಿಂದ ತಲೆ ಎತ್ತದೆ, ಒಂದು ಹರಳು ಆರಿಸಿ ಬೀದಿಗೆ ಎಸೆದರು.

"ನಿಮ್ಮ ಕೂಸಿನ ಕಿವಿ ಭಾಳ ಚುರುಕು ಬಿಡ್ರಿ ವೈನಿ. ನಮ್ಮ ಮನಿಯವ್ರಿಗಿ ನೋಡ್ರಿ, ಮೂವತ್ತು ವರ್ಷ ಆತು, ನಾ ಕರದ್ರ ಮಾತ್ರ ಕೇಳಂಗಿಲ್ಲ."